ಚೊಳಚಗುಡ್ಡಕ್ಕೆ ನಾಲ್ಕು ದಿನದ ಹಾದಿ

ಓಣಿಯ ಉದ್ದಕ್ಕೂ ಚಾಚಿದ ಹಾಸಿನ ನೂಲಿಗೆ ಗಂಜಿ ಹಚ್ಚುತ್ತ ಪದ್ಮವ್ವ ಅರ್ಧಕ್ಕೆ ಬಂದಿದ್ದಳು. ಬಿಸಿಲು ಏರುವುದರೊಳಗೆ ಆ ತುದಿ ಮುಟ್ಟಬೇಕು. ಇಲ್ಲದಿದ್ದರೆ ಒಂದು ಕಡೆ ಗಂಜಿ ಒಣಗಿ, ಇನ್ನೊಂದು ಕಡೆ ಹಸಿ ಉಳಿದು, ಮಗ್ಗಕ್ಕೆ ಏರಿಸಿದ ಮೇಲೆ ನೂಲು ಪಟಪಟನೆ ಹರಿಯುತ್ತದೆ. ಎಡಗೈಯಲ್ಲಿ ಬೋಗುಣಿ, ಬಲಗೈಯಲ್ಲಿ ಕುಂಚ. ಹನ್ನೆರಡನೆಯ ವರ್ಷದಿಂದ ಹಿಡಿದ ಕೆಲಸ. ಇಳಕಲ್ಲಿನ ಆ ಓಣಿಯಲ್ಲಿ ಮೂವತ್ತು ವರ್ಷ ಈ ತುದಿಯಿಂದ ಆ ತುದಿಗೆ ಹೋಗಿ, ತಿರುಗಿ ಬಂದವಳು, ಒಬ್ಬಳೇ ಹುನಗುಂದದ ತನಕವೂ ಹೋದವಳಲ್ಲ. ತವರೂ ಅದೇ ಓಣಿಯಲ್ಲಿ, ಗಂಡನ ಮನೆಯೂ ಅದೇ ಓಣಿಯಲ್ಲಿ. ಗಂಡ ತೀರಿಕೊಂಡ ಮೇಲೆ ಆರು ಮನೆ ದಾಟಿ ಅಣ್ಣ ಅಂದಾನಪ್ಪನ ಮನೆಗೆ ಬಂದಳು. ಅಲ್ಲಿಯವರೆಗೆ ಅದೇ ಅವಳ ದೊಡ್ಡ ಪ್ರಯಾಣ.

"ಪದ್ಮಕ್ಕ, ನಿಂದ್ರಬ್ಯಾಡ. ಕೆಲಸ ಮಾಡ್ಕೋತ ಕೇಳು."

ಚಂದವ್ವ ಬುಟ್ಟಿಯನ್ನು ತಲೆಯಿಂದ ಇಳಿಸದೆಯೇ ಮಾತಾಡುತ್ತಿದ್ದಳು. ಊರ ಹೊರಗಿನ ಕಲ್ಲಿನ ಖಣಿಗೆ ಹೊರಟವಳು. ವಯಸ್ಸಿನಲ್ಲಿ ಪದ್ಮವ್ವನಿಗಿಂತ ಏಳೆಂಟು ವರ್ಷ ಚಿಕ್ಕವಳು.

"ಬರೂ ಐತವಾರ ಹೊಂಟೇವಿ. ನಾನೂ ಕಾಸಿಂಬೀನೂ ಮಾತಾಡೇವಿ. ಹುನಗುಂದ, ಅಮೀನಗಡ, ಐಹೊಳಿ, ಪಟ್ಟದಕಲ್ಲ, ಮಹಾಕೂಟ, ಬದಾಮಿ. ಅಲ್ಲಿಂದ ನಮ್ಮಕ್ಕ ಸಕ್ರವ್ವನ ಊರು, ಚೊಳಚಗುಡ್ಡ. ನಾಕ ದಿನಕ್ಕ ಮುಟ್ತೇವಿ."

"ಬಸ್ಸಿಗೆ ನಾಕ ದಿನ ಯಾಕ ಬೇಕು?"

"ಬಸ್ಸು ಯಾರಿಗೆ ಬೇಕಾಗೇತಿ. ನಡಕೊಂತ."

"ಮತ್ತ ಮಲಗೂದೆಲ್ಲಿ?"

"ಹೊತ್ತು ಎಲ್ಲಿ ಮುಳಗತೈತೋ ಅಲ್ಲಿ," ಎಂದು ಚಂದವ್ವ, ಅಡುಗೆಮನೆಯಿಂದ ಪಡಸಾಲೆಗೆ ಹೋಗುವಷ್ಟು ಸುಲಭವಾಗಿ ಹೇಳಿದಳು.

ಇದೆಲ್ಲ ಹುಟ್ಟಿದ್ದು ರಾತ್ರಿ ಶಾಲೆಯಲ್ಲಿ. ಮಠದ ಪಡಸಾಲೆಯಲ್ಲಿ ರಾಚಯ್ಯ ಮಾಸ್ತರರು ಕಂದೀಲು ಹಚ್ಚಿ ಹೆಂಗಸರಿಗೆ ಮೂರು ವರ್ಷದಿಂದ ಅಕ್ಷರ ಹೇಳಿಕೊಡುತ್ತಿದ್ದರು. ಒಂದು ದಿನ ಐಹೊಳೆಯ ಪಾಠ ಓದಿಸಿ, "ನಮ್ಮೂರಿಂದ ಎರಡು ದಿನದ ಹಾದಿ. ನಿಮ್ಮೊಳಗ ಯಾರ್ಯಾರು ನೋಡೀರಿ?" ಎಂದು ಕೇಳಿದರು. ಒಂದು ಕೈಯೂ ಏಳಲಿಲ್ಲ. "ಸಮುದ್ರ ದಾಟಿ ಬಂದು ನೋಡ್ತಾರವ್ವ ಮಂದಿ," ಎಂದು ಅವರು ಪುಸ್ತಕ ಮುಚ್ಚಿದರು. ಚಂದವ್ವ ದಿನವಿಡೀ ಕಲ್ಲು ಹೊತ್ತು ಬಂದವಳು, ಪಾಠ ಶುರುವಾದ ಹತ್ತು ನಿಮಿಷಕ್ಕೆ ಕಂಬಕ್ಕೆ ಆತು ನಿದ್ದೆ ಹೋಗುತ್ತಿದ್ದಳು. ಮೂರು ವರ್ಷದಲ್ಲಿ ಅವಳಿಗೆ ತನ್ನ ಹೆಸರು ಬರೆಯಲು ಬಂದದ್ದೇ ಹೆಚ್ಚು. ಆದರೆ ಆ ಮಾತು ಮಾತ್ರ ನಿದ್ದೆಯಲ್ಲೂ ಅವಳ ಕಿವಿಗೆ ಬಿದ್ದಿತ್ತು.

ಪದ್ಮವ್ವನ ಕಿವಿಗೆ ಬಿದ್ದದ್ದು ಬೇರೆ ಮಾತು. ಚೊಳಚಗುಡ್ಡ ಎಂದೊಡನೆ ಅವಳ ಕುಂಚ ಒಂದೇ ಕಡೆ ನಿಂತು, ನೂಲಿನ ಮೇಲೆ ಗಂಜಿ ಗಡ್ಡೆ ಕಟ್ಟಿತು.

ಆ ಊರಿನ ಹೆಸರು ಮೂರು ತಿಂಗಳಿಂದ ಅವಳ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಮಡಿಚಿಕೊಂಡು ಕುಳಿತಿತ್ತು. ದೀಪಾವಳಿಯ ಮುಂದೆ ಬಾಗಲಕೋಟೆಯ ಕಚೇರಿಯಿಂದ ಅವಳಿಗೆ ಕಾಗದ ಬಂದಿತ್ತು. ಬದಾಮಿ ತಾಲ್ಲೂಕಿನ ಚೊಳಚಗುಡ್ಡದಲ್ಲಿ ಹೆಣ್ಣುಮಕ್ಕಳ ರಾತ್ರಿ ಶಾಲೆ ತೆರೆಯಬೇಕಾಗಿದೆ. ಕಲಿಸಲು ಹೆಣ್ಣುಮಗಳೇ ಬೇಕು. ಚೆನ್ನಾಗಿ ಕಲಿತವರೆಂದು ರಾಚಯ್ಯನವರು ನಿಮ್ಮ ಹೆಸರು ಸೂಚಿಸಿದ್ದಾರೆ. ಇರಲು ಒಂದು ಕೋಣೆ ಕೊಡಲಾಗುವುದು. ಒಪ್ಪಿಗೆ ಇದ್ದರೆ ತಿಳಿಸಿರಿ. ಅವಳು ಅಂದು ಸಂಜೆಯೇ ನೀಲಿ ಇನ್‌ಲ್ಯಾಂಡಿನ ಮೇಲೆ ಒಪ್ಪಿಗೆ ಬರೆದಳು. ಬರೆದವಳಿಗೆ ಅಂಟಿಸಿ ಟಪಾಲು ಡಬ್ಬಿಗೆ ಹಾಕಲು ಮಾತ್ರ ಕೈ ಬರಲಿಲ್ಲ. ನಾಳೆ ಹಾಕಿದರಾಯಿತು ಎಂದಳು. ನಾಳೆ ನಾಳೆ ಎನ್ನುತ್ತ ಸಂಕ್ರಾಂತಿ ಹೋಯಿತು. ಆ ಊರಿನಲ್ಲಿ ತನಗೆ ಯಾರಿದ್ದಾರೆ, ಪಾಠ ಹೇಳುವಾಗ ತಪ್ಪಿದರೆ ಯಾರ ಮುಖ ನೋಡಲಿ, ಒಗ್ಗದಿದ್ದರೆ ಹಿಂದಕ್ಕೆ ಹೇಗೆ ಬರಲಿ ಎಂದು ಯೋಚಿಸಿದಷ್ಟೂ ಕಾಗದ ಭಾರವಾಯಿತು. ಮೊನ್ನೆ ಇನ್ನೊಂದು ಕಾಗದ ಬಂದಿತ್ತು: ಶಿವರಾತ್ರಿಯೊಳಗೆ ಒಪ್ಪಿಗೆ ಮುಟ್ಟದಿದ್ದರೆ ಆ ಶಾಲೆಯನ್ನು ಬೇರೆ ಊರಿಗೆ ಕೊಡಲಾಗುವುದು. ಶಿವರಾತ್ರಿಗೆ ಇನ್ನು ಹದಿನೈದು ದಿನವಿತ್ತು. ಇದು ೧೯೮೧ನೆಯ ಇಸವಿಯ ಮಾತು.

"ಬರ್ತಿಯೋ ಇಲ್ಲೋ?" ಎಂದಳು ಚಂದವ್ವ.

"ಬರ್ತೇನಿ," ಎಂದಳು ಪದ್ಮವ್ವ. ಊರನ್ನು ಕಣ್ಣಿನಿಂದ ನೋಡಿದರಾಯಿತು, ಮನಸ್ಸು ಒಲ್ಲೆ ಎಂದರೆ ಕಾಗದವನ್ನು ಅಲ್ಲೇ ಹರಿದು ನೀರಿಗೆ ಬಿಟ್ಟರಾಯಿತು ಎಂದುಕೊಂಡು ಕುಂಚ ಎತ್ತಿದಳು.

ಬಯಲಿನಲ್ಲಿ ಮಲಗಲು ಮೇಲೆ ಏನಾದರೂ ಬೇಕಲ್ಲ. ಹಳೆಯ ನಾಲ್ಕು ಧೋತರಗಳನ್ನು ಪದ್ಮವ್ವ ಜೋಡಿಸಿ ಹೊಲಿದಳು. ನದಿಯ ದಂಡೆಯಲ್ಲಿ ಇಬ್ಬನಿ ಬೀಳುತ್ತದೆ, ತೆಳು ಅರಿವೆಯಲ್ಲಿ ಇಳಿಯುತ್ತದೆ ಎಂಬ ಯೋಚನೆ ಬಂತು. ನೇಕಾರರ ಮನೆಯವಳಿಗೆ ಇದಕ್ಕೆ ಹೊಳೆಯುವ ಉಪಾಯ ಒಂದೇ. ಜೋಳದ ಹಿಟ್ಟಿನ ದಪ್ಪ ಗಂಜಿ ಕಾಸಿ, ಎರಡೂ ಮಗ್ಗುಲಿಗೆ ಹಚ್ಚಿ, ಬಿಸಿಲಿಗೆ ಹರವಿದಳು. ಸಂಜೆಗೆ ಅರಿವೆ ತಗಡಿನಂತೆ ಎದ್ದು ನಿಂತಿತು. ಒಬ್ಬರ ಕೈಯಲ್ಲಿ ಮಡಿಚಲಾಗಲಿಲ್ಲ.

"ಇದು ಅರಬೀನೋ ಹಪ್ಪಳಾನೋ?" ಎಂದು ಕಾಸಿಂಬಿ ಬೆರಳಿನಿಂದ ಬಾರಿಸಿ ನೋಡಿದಳು. ಸೀರೆಯ ಸೆರಗಿಗೆ ಗೊಂಡೆ ಕಟ್ಟುವ ಕಾಸಿಂಬಿ ಮೂವರಲ್ಲಿ ಹಿರಿಯಳು. ಬಸ್ಸಿನ ಬೋರ್ಡು ಓದುವಷ್ಟು ಕಲಿತ ಮೇಲೆ ಸಾಕೆಂದು ಶಾಲೆ ಬಿಟ್ಟವಳು, ಆದರೆ ಗೆಳತಿಯರನ್ನು ಬಿಟ್ಟಿರಲಿಲ್ಲ.

"ನಗಬ್ಯಾಡ. ಇದರಾಗ ಮಳಿ ನೀರೂ ಇಳಿಯಂಗಿಲ್ಲ," ಎಂದಳು ಪದ್ಮವ್ವ.

ಐತವಾರ ನಸುಕಿನಲ್ಲಿ ಹೊರಟರು. ಕಟ್ಟಿಕೊಂಡದ್ದು ಬಹಳವಿಲ್ಲ: ಕಟಿರೊಟ್ಟಿ, ಶೇಂಗಾ ಚಟ್ನಿ, ಬೆಲ್ಲ, ಚಹಾಪುಡಿ, ಒಂದು ಹಿಂಡಾಲಿಯಮ್ಮಿನ ಪಾತೇಲಿ, ಮೂರು ಕಂಬಳಿ. ಚಂದವ್ವನ ಸೊಂಟದಲ್ಲಿ ಖಣಿಯ ಸಣ್ಣ ಸುತ್ತಿಗೆ. ಪದ್ಮವ್ವನ ಚೀಲದ ತಳದಲ್ಲಿ, ರವಿಕೆಯ ಮಡಿಕೆಯೊಳಗೆ, ಆ ನೀಲಿ ಕಾಗದ.

ಮೊದಲ ದಿನ ಪದ್ಮವ್ವನಿಗೆ ತನ್ನ ಕಾಲುಗಳ ಬಗ್ಗೆ ಒಂದು ಸೋಜಿಗ ತಿಳಿಯಿತು. ಅವು ದಣಿಯಲಿಲ್ಲ. ಮೂವತ್ತು ವರ್ಷ ಓಣಿಯಲ್ಲಿ ನಡೆದ ಕಾಲುಗಳು ಹುನಗುಂದದ ತನಕ ಸರಾಗವಾಗಿ ಬಂದವು. ಆದರೆ ಸ್ವಲ್ಪ ದೂರ ಹೋಗುವುದೇ ತಡ, ಹಾಸು ಮುಗಿಯಿತು, ಇನ್ನು ತಿರುಗು ಎಂದು ಒಳಗಿನಿಂದ ಏನೋ ಜಗ್ಗುತ್ತಿತ್ತು. ಅವಳು ನಿಂತು ಹಿಂದೆ ನೋಡುವಳು.

"ಏನ ಮರತು ಬಂದಿ?" ಎಂದು ಕಾಸಿಂಬಿ ಕೇಳುವಳು.

"ಏನಿಲ್ಲ."

"ಹಂಗಾರ ಯಾಕ ನಿಂತಿ? ನಿನ್ನ ಹಿಂದ ಯಾರೂ ಬರಾಕ ಹತ್ತಿಲ್ಲವ್ವ. ಬಂದ್ರ ನಾನ ಮೊದಲ ನೋಡ್ತಿದ್ದೆ."

ಚಂದವ್ವ ಏನೂ ಕೇಳುತ್ತಿರಲಿಲ್ಲ. ಇಪ್ಪತ್ತು ಹೆಜ್ಜೆ ಮುಂದೆ ನಿಂತು, ಹೊಲದ ಕಡೆ ನೋಡುತ್ತ, ಪದ್ಮವ್ವ ಬರುವ ತನಕ ಇರುವಳು. ಬಂದೊಡನೆ ಮುಂದಕ್ಕೆ. ಮಧ್ಯಾಹ್ನದ ಹೊತ್ತಿಗೆ ಹಿಂದಕ್ಕೆ ನೋಡುವುದು ತಾನಾಗಿ ಕಡಿಮೆಯಾಯಿತು.

ಹುನಗುಂದ ದಾಟಿ ಒಂದು ಹರದಾರಿಯ ಮೇಲೆ ಹೊತ್ತು ಮುಳುಗಿತು. ಜೋಳದ ಸುಗ್ಗಿ. ಒಂದು ಕಣದಲ್ಲಿ ಒಕ್ಕಲಿಗರನ್ನು ಕೇಳಿ, ತೆನೆ ಮುರಿದ ಕಣಿಕೆಯ ಬಣವೆಯ ಮಗ್ಗುಲಿಗೆ ಮೂವರೂ ಉರುಳಿದರು. ತಗಡಿನಂಥ ಅರಿವೆ ಅಲ್ಲಿ ಬೇಕಾಗಲಿಲ್ಲ. ನಸುಕಿಗೆ ಕಣ್ಣು ಬಿಟ್ಟಾಗ ಕಾಸಿಂಬಿ ಕಣದ ಅಂಚಿನಲ್ಲಿ ಚಾದರ ಹಾಸಿ ನಮಾಜು ಮಾಡುತ್ತಿದ್ದಳು. ಪದ್ಮವ್ವ ಬಾವಿಯ ನೀರಿನಲ್ಲಿ ಮುಖ ತೊಳೆದು ಅಂಗೈಯಲ್ಲಿ ಲಿಂಗ ಹಿಡಿದು ಕುಳಿತಳು. ಚಂದವ್ವ ಮೂರು ಕಲ್ಲು ಹೂಡಿ ಚಹಾ ಕಾಸುತ್ತ, "ನೀವಿಬ್ರೂ ಮುಗಸ್ರಿ, ನಂದೂ ಸೇರಿಸಿ ಕೇಳಕೋರಿ," ಎಂದಳು.

ಎರಡನೆಯ ದಿನ ಅಮೀನಗಡದಲ್ಲಿ ಕಾಸಿಂಬಿ ಹಟ ಹಿಡಿದು ಕಾಲು ಕಿಲೋ ಕರದಂಟು ಕೊಂಡಳು. ಬಸ್ಸಿಗೆ ಕಾದವರು ಇವರ ತಲೆಯ ಮೇಲಿನ ಕಂಬಳಿ ಗಂಟು, ಬೆನ್ನಿಗೆ ಕಟ್ಟಿದ ಬಿರುಸು ಅರಿವೆ ನೋಡಿ, "ಯಾವ ಕಂಪನೀ ನಾಟಕದವ್ರಬೇ?" ಎಂದು ಕೇಳಿದರು. "ಪರದೇ ಹೊತ್ತು ನಾವು ಮುಂದ ಹೊಂಟೇವಿ, ರಾಜಾ ಪಾರ್ಟಿನವ್ರು ಹಿಂದ ಬಸ್ಸಿಗೆ ಬರ್ತಾರ್ರಿ," ಎಂದು ಕಾಸಿಂಬಿ ಬಾಯಲ್ಲಿ ಕರದಂಟು ಇಟ್ಟುಕೊಂಡೇ ಹೇಳಿದಳು.

ಇಳಿಹೊತ್ತಿಗೆ ಐಹೊಳೆ. ಗುಡಿಗಳು ಊರಿನ ಮನೆಗಳ ನಡುವೆಯೇ ಇದ್ದವು. ಒಂದರ ಗೋಡೆಗೆ ಕುಳ್ಳು ಬಡಿದಿದ್ದರು, ಇನ್ನೊಂದರ ಜಗಲಿಯಲ್ಲಿ ಮೆಣಸಿನಕಾಯಿ ಒಣಗುತ್ತಿತ್ತು. ಪದ್ಮವ್ವ ಪಾಠದಲ್ಲಿ ಓದಿದ ಹೆಸರುಗಳನ್ನು ನೆನಪು ಮಾಡಿಕೊಳ್ಳುತ್ತಿರುವಾಗ ಚಂದವ್ವ ಒಂದು ಕಂಬದ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಕೆಳಗಿನ ಕೆತ್ತನೆ ಇಲ್ಲದ ಭಾಗಕ್ಕೆ ಅಂಗೈ ಸವರುತ್ತಿದ್ದಳು. ಬಹಳ ಹೊತ್ತು ಸವರಿದಳು.

"ಪದ್ಮಕ್ಕ, ಇಲ್ಲಿ ಕೈ ಇಡು. ಈ ಉಳಿ ಹಿಡದಾಂವ ಎಡಗೈಯವ."

"ಹೆಂಗ ಗೊತ್ತಾತು?"

"ಗೆರಿ ನೋಡು. ಉಳದ ಕಂಬದ್ದು ಈ ಕಡಿಂದ ಬಿದ್ದಾವು, ಇದರದು ಆ ಕಡಿಂದ. ಮ್ಯಾಲ ದೇವರ ಕೆತ್ತಿದಾಂವ ಬ್ಯಾರೆ. ಇಂವ ಹಸನ ಮಾಡಿ ಕೊಟ್ಟಾಂವ."

"ಅವನ ಹೆಂಡ್ತಿ ಹೆಸರೂ ಹೇಳ್ತಿ ಏನು?" ಎಂದಳು ಕಾಸಿಂಬಿ.

ಚಂದವ್ವ ನಕ್ಕಳು, ಕೈ ತೆಗೆಯಲಿಲ್ಲ. ಪದ್ಮವ್ವ ಅವಳ ಪಕ್ಕದಲ್ಲಿ ಕುಳಿತು ತಾನೂ ಕೈ ಇಟ್ಟಳು. ಸಾವಿರ ವರ್ಷದ ಹಿಂದಿನ ಒಬ್ಬ ಕೂಲಿಯವನ ಕೈ, ಅದೂ ಎಡಗೈ, ಅವಳ ಬೆರಳಿಗೆ ಹತ್ತಿತು. ಕಂದೀಲಿನ ಮುಂದೆ ಮೂರು ವರ್ಷ ತೂಕಡಿಸಿದ ಈ ಹೆಂಗಸಿಗೆ ಓದಲು ಬಾರದು ಎಂದು ತಾನು ಮನಸ್ಸಿನಲ್ಲಿ ಕನಿಕರ ಪಟ್ಟದ್ದು ನೆನಪಾಗಿ, ಒಳಗೊಳಗೇ ನಾಚಿದಳು.

ಆ ಸಂಜೆ ಮಲಪ್ರಭೆಯ ಉಸುಕಿನಲ್ಲಿ ಎರಡು ಜಾಲಿ ಗಿಡಗಳ ನಡುವೆ ಗಂಜಿಯ ಅರಿವೆ ಕಟ್ಟಿದರು. ನಿಜಕ್ಕೂ ಮನೆಯ ಛಾವಣಿಯಂತೆ ನೆಟ್ಟಗೆ ನಿಂತಿತು. ಪದ್ಮವ್ವನಿಗೆ ಹಿಗ್ಗು. ಆದರೆ ನದಿಯ ಇಬ್ಬನಿ ಅವಳು ಎಣಿಸಿದ್ದಕ್ಕಿಂತ ಜೋರಾಗಿತ್ತು. ಅರಿವೆಯಲ್ಲಿ ಇಬ್ಬನಿ ಇಳಿಯುವ ಬದಲು ಗಂಜಿಯೇ ಕರಗಿ ಇಳಿಯಿತು. ಬೆಳಗಾಗುವಾಗ ಕಾಸಿಂಬಿಯ ಕೂದಲು ಕಂಬಳಿಗೆ ಅಂಟಿತ್ತು, ಚಂದವ್ವನ ರೆಪ್ಪೆಯ ಮೇಲೆ ಹಿಟ್ಟಿತ್ತು, ಇರುವೆಗಳು ಸಾಲುಗಟ್ಟಿ ಬಂದಿದ್ದವು. ಅದು ಸಾಲದೆಂಬಂತೆ ಬುಡುಬುಡು ಸದ್ದು ಮಾಡುತ್ತ ನಲವತ್ತು ಆಡು ದಂಡೆ ಇಳಿದವು. ಮೊದಲನೆಯದು ಮೂಸಿ ನೋಡಿ ಒಂದು ಸಲ ನೆಕ್ಕಿತು. ಆಮೇಲೆ ಎಲ್ಲವೂ ಸೇರಿ ಛಾವಣಿಯನ್ನು ನಾಲ್ಕೂ ಕಡೆಯಿಂದ ನೆಕ್ಕತೊಡಗಿದವು.

ಆಡಿನ ಹಿಂದೆ ಬಂದ ಮುದುಕ ಕೋಲಿನ ಮೇಲೆ ಗದ್ದ ಊರಿ ನೋಡಿದ. "ಆಡಿಗೆ ಅಂಬಲಿ ಮಾಡಿ, ಬಗ್ಗೂದು ಬ್ಯಾಡ ಅಂತ ಬಾಯಿ ಎತ್ತರಕ ಕಟ್ಟೀರಲ್ಲವ್ವ. ಇಷ್ಟು ಮರ್ಯಾದಿ ನನ್ನ ಮನ್ಯಾಗ ನನಗೂ ಮಾಡಂಗಿಲ್ಲ."

ಕಾಸಿಂಬಿ ಉಸುಕಿನಲ್ಲಿ ಬಿದ್ದು ಬಿದ್ದು ನಕ್ಕಳು. ಪದ್ಮವ್ವನಿಗೆ ನಗು ಬರಲಿಲ್ಲ. ಮೂವತ್ತು ವರ್ಷ ಗಂಜಿ ಹಚ್ಚಿದವಳಿಗೆ ಗಂಜಿ ನೀರಿಗೆ ಕರಗುತ್ತದೆ ಎಂದು ಹೊಳೆಯಲಿಲ್ಲವಲ್ಲ. ಇಂಥವಳು ಪರ ಊರಿನ ಹೆಂಗಸರ ಮುಂದೆ ನಿಂತು ಏನು ಹೇಳಿಕೊಟ್ಟಾಳು ಎಂದು ಮುಖ ಸಣ್ಣದು ಮಾಡಿಕೊಂಡು ಕುಳಿತಳು. ಚೀಲದ ತಳದ ಕಾಗದವನ್ನು ಆಗಲೇ ನದಿಗೆ ಬಿಡಬೇಕೆನಿಸಿತು.

ಚಂದವ್ವ ಆಡುಗಳನ್ನು ಅಟ್ಟಿ, ಅರಿವೆ ಬಿಚ್ಚಿ, ನೀರಿಗೆ ಇಳಿದಳು. ಬಂಡೆಯ ಮೇಲೆ ಬಡಿದು ಬಡಿದು, ಗಂಜಿ ಎಲ್ಲ ಹೋಗುವ ತನಕ ಒಗೆದು, ಹಿಂಡಿ, ಜಾಲಿಯ ಮೇಲೆ ಹರವಿದಳು. ಒಣಗಿದ ಮೇಲೆ ಮಡಿಚಿ ಪದ್ಮವ್ವನ ಕೈಗಿಟ್ಟಳು.

"ಅರಬಿ ಚೊಲೋ ಐತಿ ಪದ್ಮಕ್ಕ. ಮೆತ್ತಗಾತು. ಇನ್ನ ಹೊದ್ಯಾಕ ಬರತೈತಿ."

ಗಂಜಿಯ ತಪ್ಪಿನ ಬಗ್ಗೆ ಅವಳು ಆಡಿದ ಮಾತು ಅಷ್ಟೇ.

ಮೂರನೆಯ ದಿನ ಪಟ್ಟದಕಲ್ಲು ನೋಡಿ, ನದಿ ಬಿಟ್ಟು, ಮಹಾಕೂಟದ ಕಡೆ ತಿರುಗಿದರು. ನೆಲ ಕೆಂಪಾಯಿತು, ಬಂಡೆ ಕೆಂಪಾಯಿತು, ಕಾಲಿನ ಧೂಳೂ ಕೆಂಪಾಯಿತು. ಹೊತ್ತು ಮುಳುಗಲು ಇನ್ನೂ ಒಂದು ತಾಸಿರುವಾಗ ಪದ್ಮವ್ವನೇ ಒಂದು ಜಾಗ ಕಂಡಳು. ದೊಡ್ಡ ಬಂಡೆ ಮುಂದಕ್ಕೆ ಚಾಚಿ, ಕೆಳಗೆ ಪಡಸಾಲೆಯಷ್ಟು ನೆರಳು. ನೆಲ ಸಮ, ಗಾಳಿ ಇಲ್ಲ.

"ಇಲ್ಲೇ ಆಗ್ಲಿ," ಎಂದು ಚೀಲ ಇಳಿಸಿದಳು.

ಚಂದವ್ವ ಸೊಂಟದಿಂದ ಸುತ್ತಿಗೆ ತೆಗೆದು ಬಂಡೆಯ ಅಡಿಯನ್ನು ನಾಲ್ಕಾರು ಕಡೆ ಮೆಲ್ಲಗೆ ಬಡಿದಳು. ಕಿವಿ ಕೊಟ್ಟಳು.

"ಬ್ಯಾಡ. ಹುಸಿ ಐತಿ, ಒಳಗ ಬಿರಕು ಬಿಟ್ಟೈತಿ."

"ಇಷ್ಟು ದೊಡ್ಡ ಕಲ್ಲು ಹುಸಿಯೇನವ್ವ?"

"ದೊಡ್ಡದಕ್ಕ ಅಂಜಬೇಕು. ಕೆಳಗ ನೋಡು."

ನೆಲದ ಮೇಲೆ ಅಂಗೈ ಅಗಲದ ಚಕ್ಕೆಗಳು ಬಿದ್ದಿದ್ದವು, ಅಂಚು ಇನ್ನೂ ಹರಿತ, ಮೇಲೆ ಧೂಳು ಕೂಡ ಕುಳಿತಿರಲಿಲ್ಲ. ಪದ್ಮವ್ವ ಅವುಗಳ ಮೇಲೆಯೇ ಚೀಲ ಇಳಿಸಿದ್ದಳು, ನೋಡಿರಲಿಲ್ಲ.

ಅಲ್ಲಿಂದ ಮುಂದೆ ಹೋಗಿ ಇನ್ನೊಂದು ಬಂಡೆ. ಚಂದವ್ವ ಸುತ್ತಿಗೆಯನ್ನು ಪದ್ಮವ್ವನ ಕೈಗೆ ಕೊಟ್ಟು, ತಾನು ಕುಳಿತು ಕಾಲಿನ ಮುಳ್ಳು ತೆಗೆದುಕೊಳ್ಳತೊಡಗಿದಳು.

"ನಾನೇನು ಬಲ್ಲೆ," ಎಂದಳು ಪದ್ಮವ್ವ.

"ಬಡಿ. ಕೇಳು."

ಪದ್ಮವ್ವ ಬಡಿದಳು. ಟಣ್ ಎಂದಿತು. "ಇದು ಚೊಲೋ ಐತಿ," ಎಂದಳು. ಚಂದವ್ವ ಮುಳ್ಳಿನಿಂದ ತಲೆ ಎತ್ತದೆ, "ಇನ್ನೊಮ್ಮಿ ಬಡಿ," ಎಂದಳು. ಇನ್ನೊಂದು ಕಡೆ ಬಡಿದಳು. "ಇಲ್ಲ, ಹುಸಿ ಐತಿ." "ಇನ್ನೊಮ್ಮಿ ಬಡಿ." ಹೌದು ಎಂದೂ ಹೇಳಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. ಕಾಸಿಂಬಿ ಏನೋ ಹೇಳಲು ಬಾಯಿ ತೆರೆದಳು. ಚಂದವ್ವ ಅವಳ ಮೊಣಕಾಲು ಹಿಡಿದು ಸುಮ್ಮನಾಗಿಸಿದಳು. ಏಳನೆಯ ಸಲವೋ ಎಂಟನೆಯ ಸಲವೋ, ಎಡಗಡೆಯ ಮೂಲೆಯಲ್ಲಿ ಬಡಿದಾಗ ಆ ಸದ್ದಿನ ಹಿಂದೆ ಇನ್ನೊಂದು ಸದ್ದು ಪದ್ಮವ್ವನಿಗೆ ಕೇಳಿಸಿತು. ಒಡೆದ ಗಡಿಗೆಯ ಸದ್ದು. ಅವಳು ಎರಡು ಮಾರು ಬಲಕ್ಕೆ ಸರಿದು ಮತ್ತೆ ಬಡಿದಳು. ಅಲ್ಲಿ ಗಂಟೆಯಂತೆ ಗಟ್ಟಿ.

"ಎಡಕ್ಕ ಬ್ಯಾಡ. ಈ ಬಲಗಡೆ ಮಲಗೂನು."

ಚಂದವ್ವ ಆಗ ಎದ್ದು ಬಂದಳು. ಬಲಗಡೆ ತಾನೇ ಬಡಿದು ನೋಡಲಿಲ್ಲ. ಕಂಬಳಿ ಬಿಚ್ಚಿ ಅಲ್ಲೇ ಹಾಸಿದಳು. ಬಂಡೆಯ ಕೆಳಗೆ, ಪದ್ಮವ್ವ ಕೇಳಿ ಹೇಳಿದ ಜಾಗದಲ್ಲಿ, ತಲೆ ಇಟ್ಟು ಮಲಗಿದಳು. ಯಾರಾದರೂ ಹಾರ ಹಾಕಿದ್ದರೂ ಪದ್ಮವ್ವನಿಗೆ ಅಷ್ಟು ಹೆಚ್ಚೆನಿಸುತ್ತಿರಲಿಲ್ಲ.

"ನೀ ಎಷ್ಟು ದಿನಕ್ಕ ಕಲತಿ ಇದನ್ನ?" ಎಂದು ರೊಟ್ಟಿ ಬಿಚ್ಚುವಾಗ ಕೇಳಿದಳು.

"ಎರಡು ವರ್ಷ ಹಿಡೀತು. ನಮ್ಮಪ್ಪ ಬೈಯಾಂವಲ್ಲ. ಬೈದ್ರ ಕಿವಿ ಮುಚ್ಚತಾವು, ಕಲ್ಲಿನ ದನಿ ಕೇಳಂಗಿಲ್ಲ ಅಂತಿದ್ದ."

"ನಮ್ಮಪ್ಪ ಬೈದಿದ್ದಕ್ಕ ನಾ ಹಿಂಗಾಗೇನಿ ನೋಡು," ಎಂದು ಕಾಸಿಂಬಿ ಚಟ್ನಿಗೆ ಕೈ ಚಾಚಿದಳು.

ಬುಧವಾರ ಮುಂಜಾನೆ ಮಹಾಕೂಟದ ಹೊಂಡದಲ್ಲಿ ಮಿಂದು, ಗುಡ್ಡದ ಮೇಲಿನ ಹಳೆಯ ಕಲ್ಲುಹಾದಿ ಹಿಡಿದು ಬದಾಮಿಗೆ ಇಳಿದರು. ಬಂಡೆಗಳ ಸಂದಿಯಿಂದ ಹೊರಬಿದ್ದೊಡನೆ ಕೆಳಗೆ ಕೆರೆಯ ಹಸಿರು ನೀರು, ಸುತ್ತ ಎದ್ದು ನಿಂತ ಕೆಂಪು ಗುಡ್ಡ, ದಂಡೆಯಲ್ಲಿ ಬಟ್ಟೆ ಒಗೆಯುವವರ ಸದ್ದು ಗುಡ್ಡಕ್ಕೆ ಬಡಿದು ಎರಡೆರಡು ಸಲ ಕೇಳುತ್ತಿತ್ತು. ಕಾಸಿಂಬಿ ತಲೆಯ ಮೇಲಿನ ಗಂಟು ಇಳಿಸಿ ನಿಂತಳು. "ಬಸ್ಸಿಗೆ ಬಂದಿದ್ರ ಈ ಬಾಗಲದಾಗ ಹೊಗತಿದ್ದಿಲ್ಲ ನಾವು," ಎಂದಳು.

ಮಧ್ಯಾಹ್ನಕ್ಕೆ ಚೊಳಚಗುಡ್ಡದ ಮಗ್ಗುಲಿನ ಬನಶಂಕರಿ ಗುಡಿ. ಜಾತ್ರೆ ಮುಗಿದು ಹೊಂಡದ ಸುತ್ತ ನಿರಾಳವಾಗಿತ್ತು. ಚಂದವ್ವನ ಅಕ್ಕ ಸಕ್ರವ್ವ ಬುಟ್ಟಿ ಮುಂದಿಟ್ಟುಕೊಂಡು, ಬಂದವರಿಗೆ ರೊಟ್ಟಿ ಮೊಸರು ಮಾರುತ್ತ ಇನ್ನೂ ನಾಲ್ಕೈದು ಹೆಂಗಸರ ಜೊತೆ ಕುಳಿತಿದ್ದಳು. ತಂಗಿಯನ್ನು ನೋಡಿ, "ಯಾವ ಬಸ್ಸಿಗೆ ಬಂದಿ?" ಎಂದಳು. ನಡೆದು ಬಂದೆವು ಎಂದದ್ದಕ್ಕೆ, ನಂಬದೆ ಮೂವರ ಪಾದವನ್ನೂ ಬಗ್ಗಿ ನೋಡಿದಳು. ಆಮೇಲೆ ಮೂರು ಎಲೆ ಹಾಕಿ, ಬದನೆಕಾಯಿ ಪಲ್ಯ, ಕೆಂಪು ಚಟ್ನಿ, ಗಟ್ಟಿ ಮೊಸರು ಬಡಿಸಿದಳು.

"ಈಕಿ ಪದ್ಮಕ್ಕ," ಎಂದಳು ಚಂದವ್ವ. "ನಮ್ಮ ರಾತ್ರಿ ಸಾಲ್ಯಾಗ ಎಲ್ಲಾರಕಿಂತ ಮುಂದ. ಪೇಪರ ಓದ್ತಾಳ."

ಸಕ್ರವ್ವನ ಕೈ ಮೊಸರಿನ ಗಡಿಗೆಯಲ್ಲೇ ನಿಂತಿತು. "ಚೊಲೋ ಆತಲ್ಲವ್ವ ನಿಮ್ಮೂರಾಗ. ನಮ್ಮದೂ ಕಥಿ ಕೇಳು. ಹೆಣ್ಮಕ್ಕಳಿಗೆ ರಾತ್ರಿ ಸಾಲಿ ಬರತೈತಿ ಅಂದ್ರು. ಹದಿನೆಂಟ ಮಂದಿ ಹೆಸರ ಕೊಟ್ವಿ. ಪಾಟಿ, ಕಂದೀಲು ಎಲ್ಲಾ ಪೆಟ್ಟಿಗ್ಯಾಗ ಬಂತು. ದೀಪಾವಳಿ ಆದ ಮ್ಯಾಲ ಚಾಲೂ ಅಂತ ಯಾರೋ ಅಂದ್ರು ಅಂತ, ಸಂಜಿಮುಂದ ಕೈಕಾಲು ಮುಖ ತೊಳಕೊಂಡು ಎಲ್ಲಾರೂ ಹೋಗಿ ಕುಂತ್ವಿ. ಕಲಸೂ ಅಕ್ಕೋರು ಬರಲಿಲ್ಲ. ಇಳಕಲ್ಲಿನಾಕಿ ಯಾರೋ ಇದ್ದಾಳಂತ, ಆಕೀದು ಕಾಗದಾನ ಬಂದಿಲ್ಲಂತ. ಈ ಬನಶಂಕರಿ ಹತ್ರ ಯಾವಾಕಿರ ಒಬ್ಬಾಕಿನ ಚೀಲ ಹಿಡಕೊಂಡು ಬಸ್ಸಿಳದ್ರ, ಅಕ್ಕೋರೇನೋ ಅಂತ ಇನ್ನೂ ನೋಡ್ತೇವಿ."

ಬುಟ್ಟಿಯವರಲ್ಲಿ ಒಬ್ಬಳು, "ಬರಂಗಿಲ್ಲ ಬಿಡಬೇ. ದೊಡ್ಡ ಊರಿನಾಕಿ ನಮ್ಮ ಕಡೆ ಯಾಕ ಬಂದಾಳು," ಎಂದಳು. ಸಿಟ್ಟಿನಿಂದಲ್ಲ, ಮಳೆ ಬಾರದ ವರ್ಷದ ಮಾತು ಆಡುವಂತೆ.

ಪದ್ಮವ್ವ ಎತ್ತಿದ ತುತ್ತನ್ನು ಎಲೆಗೆ ಇಳಿಸಿದಳು. ಮೂರು ತಿಂಗಳು ಆ ಕಾಗದ ತನ್ನೊಬ್ಬಳದೇ ಸಂಕಟ ಎಂದು ತಿಳಿದಿದ್ದಳು. ಟ್ರಂಕಿನಲ್ಲಿ ಸೀರೆಯ ಕೆಳಗೆ ಹದಿನೆಂಟು ಹೆಂಗಸರು ಮುಖ ತೊಳೆದುಕೊಂಡು ಕುಳಿತಿದ್ದಾರೆಂದು ಅವಳಿಗೆ ಹೊಳೆದಿರಲಿಲ್ಲ. ಕೈ ತೊಳೆಯುವ ನೆಪ ಮಾಡಿ ಎದ್ದು ಹೊಂಡದ ಮೆಟ್ಟಿಲು ಇಳಿದು ಕುಳಿತಳು.

ಚಂದವ್ವ ಬಂದು ಒಂದು ಮೆಟ್ಟಿಲು ಮೇಲೆ ಕುಳಿತಳು.

"ಚಂದವ್ವ, ಆ ಇಳಕಲ್ಲಿನಾಕಿ—"

"ನೀನ. ಗೊತ್ತೈತಿ. ರಾಚಯ್ಯ ಮಾಸ್ತರ ಹೇಳಿದ್ರು ಸಂಕ್ರಾಂತಿ ಮುಂದ."

"ಗೊತ್ತಿದ್ದು ನೀ ನನ್ನ ಕರಕೊಂಡು ಬಂದಿ."

"ಸಾಲಿಗೆ ಅಂತಷ್ಟ ಅಲ್ಲ. ಐಹೊಳಿ ನೋಡಬೇಕಿತ್ತು ನನಗ, ಅದೂ ಖರೆ." ಚಂದವ್ವ ಅಂಗಾಲಿನ ಕೆಂಪು ಮಣ್ಣನ್ನು ಉಗುರಿನಿಂದ ಕೆರೆದಳು. "ಇನ್ನೊಂದು ಏನಂದ್ರ, ನಿನಗ ಈ ಊರು ಭಾಳ ದೂರ ಅನಸಿತ್ತು. ಬಸ್ಸಿಗೆ ಕುಂಡ್ರಿಸಿ ಕಳಿಸಿದ್ರ ದೂರಾನ ಉಳೀತಿತ್ತು. ಈಗ ಹಾದಿ ನಿನ್ನ ಕಾಲಿಗೆ ಗೊತ್ತೈತಿ. ಬಾವಿ ಎಲ್ಲೈತಿ, ನೆರಳು ಎಲ್ಲೈತಿ, ಯಾವ ಕಲ್ಲಿನ ಕೆಳಗ ಮಲಗಬಾರದು, ಎಲ್ಲಾ ಗೊತ್ತೈತಿ. ಒಗ್ಗಿದ್ರ ಇರು. ಒಗ್ಗದಿದ್ರ ಯಾರನ್ನೂ ಕೇಳಬ್ಯಾಡ, ನಡಕೊಂತ ಬಾ. ನಾಕ ದಿನ."

"ನನಗ ತಪ್ಪತೈತಿ ಚಂದವ್ವ. ಗಂಜಿ ನೋಡಿದ್ಯಲ್ಲ."

"ನೋಡಿದೆ. ಅದ ದಿನ ಸಂಜಿಗೆ ಕಲ್ಲಿನ ದನಿ ಕೇಳಿದ್ದೂ ನೋಡಿದೆ."

ಅಷ್ಟರಲ್ಲಿ ಕಾಸಿಂಬಿ ಮೇಲಿನಿಂದ ಸೆರಗು ಕೊಡವುತ್ತ ಇಳಿದು ಬಂದಳು. ವಿಷಯ ತಿಳಿದಾಗ ಸೊಂಟದ ಮೇಲೆ ಕೈ ಇಟ್ಟಳು. "ಮೂರ ರಾತ್ರಿ ಒಂದ ಕಡೆ ಮಲಗಿ ನನಗೊಬ್ಬಾಕಿಗೆ ಹೇಳಲಿಲ್ಲ ನೀವು."

"ನಿನಗ ಹೇಳಿದ್ರ ಅಮೀನಗಡದ ಬಸ್‌ಸ್ಟ್ಯಾಂಡಿನ್ಯಾಗ ಡಂಗುರ ಸಾರ್ತಿದ್ದಿ," ಎಂದಳು ಚಂದವ್ವ.

"ಸಾರ್ತಿದ್ದೆ. ಯಾಕ ಸಾರಬಾರದು? ನನ್ನ ಗೆಳತಿ ಅಕ್ಕೋರು ಆಗ್ತಾಳ."

ಪದ್ಮವ್ವ ಎದ್ದಳು. ಚೀಲ ಹೆಗಲಿಗೆ ಹಾಕಿದಳು. ಸಕ್ರವ್ವನ ಹತ್ತಿರ ಹೋಗಿ, "ಟಪಾಲಿನ ಮನಿ ಎಲ್ಲೈತ್ರಿ?" ಎಂದು ಕೇಳಿದಳು.

ಚೊಳಚಗುಡ್ಡದ ಟಪಾಲು ಶಂಕ್ರಪ್ಪನ ಮನೆಯ ಪಡಸಾಲೆಯಲ್ಲಿತ್ತು. ಬಾಳೆಯ ತೋಟದಿಂದ ಬಂದು ಕಾಲು ತೊಳೆದುಕೊಂಡು ಅಂಚೆಯ ಮೇಜಿನ ಹಿಂದೆ ಕುಳಿತುಕೊಳ್ಳುವ ಮನುಷ್ಯ. ಮೂಲೆಯಲ್ಲಿ ಒಂದು ಕಟ್ಟಿಗೆಯ ಪೆಟ್ಟಿಗೆ, ಅದರ ಮೇಲೆ ಜೋಳದ ಚೀಲ. ಪೆಟ್ಟಿಗೆಯ ಮಗ್ಗುಲಿಗೆ ಬರೆದದ್ದನ್ನು ಪದ್ಮವ್ವ ನಿಂತಲ್ಲಿಂದಲೇ ಓದಿದಳು. ರಾತ್ರಿ ಶಾಲೆಯ ಪೆಟ್ಟಿಗೆ.

"ಪೆನ್ನು ಕೊಡ್ರಿ," ಎಂದಳು.

ರವಿಕೆಯ ಮಡಿಕೆಯಿಂದ ನೀಲಿ ಕಾಗದ ತೆಗೆದಳು. ಮೂಲೆಗಳು ಸವೆದಿದ್ದವು. ಹಳೆಯ ತಾರೀಖನ್ನು ಹೊಡೆದು ಹಾಕಿ ಅಂದಿನ ತಾರೀಖು ಬರೆದಳು. ಸಹಿಯ ಕೆಳಗೆ ಇನ್ನೂ ಎರಡು ಬೆರಳಿನಷ್ಟು ಜಾಗವಿತ್ತು. ಯೋಚಿಸಿ, ನಿಧಾನವಾಗಿ, ಒಂದೊಂದೇ ಅಕ್ಷರ ಕೂಡಿಸಿ ಬರೆದಳು: "ತಡ ಮಾಡಿದ್ದು ನನ್ನ ತಪ್ಪು. ಊರು ನೋಡಿದ್ದೇನೆ. ಹಾದಿ ಗೊತ್ತಿದೆ. ಶಿವರಾತ್ರಿಯ ಮರುದಿನ ಬಂದು ಶಾಲೆ ತೆರೆಯುತ್ತೇನೆ."

"ಬಾಗಲಕೋಟಿಗೇನ್ರಿ?" ಶಂಕ್ರಪ್ಪ ವಿಳಾಸ ಓದಿ ಕನ್ನಡಕದ ಮೇಲಿನಿಂದ ಅವಳನ್ನು ನೋಡಿದ. ಆಮೇಲೆ ಮೂಲೆಯ ಪೆಟ್ಟಿಗೆ ನೋಡಿದ. ಬಾಗಿಲಲ್ಲಿ ನಿಂತ ಸಕ್ರವ್ವನನ್ನು ನೋಡಿದ. "ಇಂದಿನ ಚೀಲ ಇನ್ನೂ ಕಟ್ಟಿಲ್ಲ," ಎಂದಷ್ಟೇ ಹೇಳಿದ.

ಪದ್ಮವ್ವ ಅಂಚಿನ ಗೋಂದಿಗೆ ನಾಲಿಗೆ ತಾಗಿಸಿ, ಮಡಿಚಿ, ಮೇಜಿನ ಮೇಲೆ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದಳು. ಶಂಕ್ರಪ್ಪ ಮೊಹರು ಮಸಿಯಲ್ಲಿ ಅದ್ದಿ ಹೊಡೆದ. ಮೂರೂವರೆಗೆ ಬದಾಮಿಯ ಬಸ್ಸು ಬಂದಿತು. ಅವನು ಚೀಲದ ಬಾಯಿ ಕಟ್ಟಿ, ಅರಗು ಒತ್ತಿ, ಓಡುತ್ತ ಹೋಗಿ ಕಂಡಕ್ಟರನ ಕೈಗೆ ಕೊಟ್ಟ. ಬಸ್ಸು ಹೊರಟಿತು.